ಬ್ಯಾಗಿನೊಳಗಿನ ಕಚೇರಿ: ಪ್ರವಾಸದಲ್ಲೂ ಕೆಲಸ ನಿಲ್ಲದಂತೆ ಸಿದ್ಧತೆ

ಊರಿಂದ ಊರಿಗೆ ಹೋಗುತ್ತಲೇ ಕಚೇರಿಯ ಕೆಲಸ ಮಾಡುವವರಿಗೆ ಮುಖ್ಯವಾಗಿ ಬೇಕಾಗುವುದು ಕರೆಂಟು, ನೆಟ್‌ವರ್ಕ್, ಮೈ ನೋಯದಂತೆ ಕೂರುವ ಜಾಗ ಮತ್ತು ಆಡಿದ ಮಾತು ಸ್ಪಷ್ಟವಾಗಿ ಕೇಳಿಸುವ ವ್ಯವಸ್ಥೆ. ಬೆಂಗಳೂರಿನ ಕಚೇರಿಯಲ್ಲಿ ಇವು ಯಾರ ಗಮನಕ್ಕೂ ಬರುವುದಿಲ್ಲ. ಕಟ್ಟಡಕ್ಕೆ ಜನರೇಟರ್ ಇರುತ್ತದೆ, ಒಂದು ಇಂಟರ್ನೆಟ್ ಲೈನ್ ಕೈಕೊಟ್ಟರೆ ಇನ್ನೊಂದು ಇರುತ್ತದೆ, ಕುರ್ಚಿ ಮುರಿದರೆ ಬದಲಿಸುವವರು ಇರುತ್ತಾರೆ. ಸಕಲೇಶಪುರದ ತೋಟದ ಮನೆಯಲ್ಲೋ ಗೋಕರ್ಣದ ಹೋಮ್‌ಸ್ಟೇಯಲ್ಲೋ ಲ್ಯಾಪ್‌ಟಾಪ್ ತೆರೆದು ಕೂತವರು ಆ ಹೊಣೆಯನ್ನೆಲ್ಲ ತಾವೇ ಹೊರಬೇಕಾಗುತ್ತದೆ.

ಏನೇನು ಒಯ್ಯಬೇಕು ಎಂದು ತೀರ್ಮಾನಿಸಲು ಒಂದು ಅಳತೆ ಇಟ್ಟುಕೊಳ್ಳುವುದು ಒಳ್ಳೆಯದು. ಉಳಿದುಕೊಂಡ ಜಾಗದಲ್ಲಿ ಕರೆಂಟು, ವೈಫೈ ಎರಡೂ ಹೋದರೂ ಜೊತೆಗೆ ತಂದ ಸಾಮಾನಿನ ಬಲದಿಂದಲೇ ಅರ್ಧ ದಿನ ಕೆಲಸ ಸಾಗಬೇಕು. ಅರ್ಧ ದಿನ ಸಿಕ್ಕರೆ ಮುಖ್ಯವಾದ ಕರೆ ಮುಗಿಯುತ್ತದೆ, ಕಳಿಸಬೇಕಾದ ಕಡತ ಹೋಗುತ್ತದೆ, ಬೇಕಿದ್ದರೆ ಹತ್ತಿರದ ಪೇಟೆಗೆ ಹೋಗಲೂ ಸಮಯ ಇರುತ್ತದೆ. ಇದಕ್ಕಿಂತ ಕಡಿಮೆ ಸಿದ್ಧತೆ ಇದ್ದರೆ ದಿನವಿಡೀ ಆತಂಕ. ಹೆಚ್ಚಾದರೆ ಬ್ಯಾಗು ಹೊತ್ತು ಹೆಗಲು ನೋಯುತ್ತದೆ.

ಕರೆಂಟಿನ ಲೆಕ್ಕ

ಬ್ಯಾಟರಿಯ ಶಕ್ತಿಯನ್ನು ವ್ಯಾಟ್-ಅವರ್‌ನಲ್ಲಿ ಅಳೆಯುವುದು ಸರಿಯಾದ ಕ್ರಮ. ಸಾಮಾನ್ಯ ಲ್ಯಾಪ್‌ಟಾಪಿನ ಬ್ಯಾಟರಿ 50ರಿಂದ 60 ವ್ಯಾಟ್-ಅವರ್ ಇರುತ್ತದೆ. ಬರವಣಿಗೆ, ಇಮೇಲ್, ಲೆಕ್ಕದ ಹಾಳೆಯಂಥ ಕೆಲಸಕ್ಕೆ ಲ್ಯಾಪ್‌ಟಾಪ್ ಸುಮಾರು 10 ವ್ಯಾಟ್ ಎಳೆದರೆ, ವಿಡಿಯೊ ಕರೆಯ ಹೊತ್ತಿಗೆ 20 ವ್ಯಾಟ್ ಆಸುಪಾಸು ಎಳೆಯುತ್ತದೆ. ಹಾಗಾಗಿ ಪೂರ್ತಿ ಚಾರ್ಜ್ ಆದ 55 ವ್ಯಾಟ್-ಅವರ್ ಬ್ಯಾಟರಿ ಬರವಣಿಗೆಗೆ ಐದು ಗಂಟೆ ಬಂದರೂ, ಸತತ ಕರೆಗಳಿದ್ದ ದಿನ ಮೂರು ಗಂಟೆ ಕೂಡ ಬರುವುದಿಲ್ಲ.

ಕೊರತೆಯನ್ನು ಪವರ್ ಬ್ಯಾಂಕ್ ತುಂಬಬೇಕು. ಪವರ್ ಬ್ಯಾಂಕಿನ ಮೇಲೆ ಮಿಲಿಆಂಪ್-ಅವರ್ ಎಂದು ನಮೂದಿಸುತ್ತಾರೆ. ಒಳಗಿನ ಲಿಥಿಯಂ ಕೋಶದ ವೋಲ್ಟೇಜ್ ಸುಮಾರು 3.7 ಆದ್ದರಿಂದ 20,000 ಮಿಲಿಆಂಪ್-ಅವರ್ ಎಂದರೆ 74 ವ್ಯಾಟ್-ಅವರ್. ವೋಲ್ಟೇಜ್ ಏರಿಸುವಾಗ ಒಂದಿಷ್ಟು ಶಾಖವಾಗಿ ಸೋರಿಹೋಗುವುದರಿಂದ ಕೈಗೆ ಸಿಗುವುದು 60ರ ಆಸುಪಾಸು, ಅಂದರೆ ಲ್ಯಾಪ್‌ಟಾಪಿಗೆ ಒಂದು ಸಲದ ಪೂರ್ತಿ ಚಾರ್ಜ್. ಎರಡು ಗಂಟೆ ಕರೆ, ಮೂರು ಗಂಟೆ ಬರವಣಿಗೆ, ನಡುವೆ ಒಮ್ಮೆ ಫೋನಿನ ಚಾರ್ಜ್ ಎಂದು ಲೆಕ್ಕ ಹಾಕಿದರೆ 85 ವ್ಯಾಟ್-ಅವರ್ ಸಾಕು. ಲ್ಯಾಪ್‌ಟಾಪಿನದೂ ಪವರ್ ಬ್ಯಾಂಕಿನದೂ ಸೇರಿದರೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಅರ್ಧ ದಿನದ ಅಳತೆ ಇಲ್ಲಿಗೆ ಮುಟ್ಟುತ್ತದೆ.

ಆದರೆ ಕೊಳ್ಳುವಾಗ ಬಹಳ ಜನ ಎಡವುವುದು ಇಲ್ಲೇ. ಅಗ್ಗದ 20,000ದ ಪವರ್ ಬ್ಯಾಂಕುಗಳು ಹೆಚ್ಚಾಗಿ ಫೋನಿಗೆಂದೇ ಮಾಡಿದವು. 18 ಅಥವಾ 22.5 ವ್ಯಾಟ್‌ಗಿಂತ ಹೆಚ್ಚು ಕೊಡುವ ಶಕ್ತಿ ಅವಕ್ಕಿಲ್ಲ. ಅವನ್ನು ಸಿಕ್ಕಿಸಿದರೆ ಕೆಲವು ಲ್ಯಾಪ್‌ಟಾಪುಗಳು ಚಾರ್ಜನ್ನೇ ಸ್ವೀಕರಿಸುವುದಿಲ್ಲ. ಯುಎಸ್‌ಬಿ ಪವರ್ ಡೆಲಿವರಿ ಕ್ರಮದಲ್ಲಿ ಕನಿಷ್ಠ 45, ಸಾಧ್ಯವಾದರೆ 65 ವ್ಯಾಟ್ ಕೊಡಬಲ್ಲದು ಎಂದು ಖಚಿತಪಡಿಸಿಕೊಂಡೇ ಕೊಳ್ಳಬೇಕು. ಕೇಬಲ್ಲಿಗೂ ಮಿತಿ ಉಂಟು. ಸಾಮಾನ್ಯ ಟೈಪ್-ಸಿ ಕೇಬಲ್ 3 ಆಂಪಿಯರ್, ಅಂದರೆ 60 ವ್ಯಾಟ್‌ವರೆಗೆ ಮಾತ್ರ ಒಯ್ಯುತ್ತದೆ. ಅದಕ್ಕಿಂತ ಹೆಚ್ಚಿಗೆ 5 ಆಂಪಿಯರ್ ಗುರುತಿರುವ ಕೇಬಲ್ಲೇ ಬೇಕು. ಗ್ಯಾಲಿಯಂ ನೈಟ್ರೈಡ್ ಬಳಸಿದ 65 ವ್ಯಾಟಿನ ಚಿಕ್ಕ ಚಾರ್ಜರ್ ಒಂದಿದ್ದರೆ ಲ್ಯಾಪ್‌ಟಾಪ್, ಫೋನು, ಪವರ್ ಬ್ಯಾಂಕ್ ಮೂರಕ್ಕೂ ಅದೇ ಆಗುತ್ತದೆ. ಹಳೆಯ ದಪ್ಪ ಅಡಾಪ್ಟರನ್ನು ಮನೆಯಲ್ಲೇ ಬಿಡಬಹುದು.

ಮಲೆನಾಡು, ಕರಾವಳಿಯ ಹೋಮ್‌ಸ್ಟೇಗಳಲ್ಲಿ ಯುಪಿಎಸ್ ಇದೆಯೇ ಎಂದು ಕೇಳಿದರೆ ಇದೆ ಎಂಬ ಉತ್ತರವೇ ಬರುತ್ತದೆ, ಅದು ನಿಜವೂ ಹೌದು. ಆದರೆ ಯುಪಿಎಸ್ ಲೈನು ಅನೇಕ ಮನೆಗಳಲ್ಲಿ ದೀಪ, ಫ್ಯಾನುಗಳಿಗೆ ಮಾತ್ರ ಹೋಗಿರುತ್ತದೆ, ಕೋಣೆಯ ಪ್ಲಗ್ ಪಾಯಿಂಟಿಗೆ ಇರುವುದಿಲ್ಲ. ವೈಫೈ ರೂಟರ್ ಬೇರೆ ಕೋಣೆಯಲ್ಲಿ, ಬೇರೆ ಲೈನಿನಲ್ಲಿ ಇರಬಹುದು. ಆದ್ದರಿಂದ ಕೋಣೆ ಕಾಯ್ದಿರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಕರೆಂಟು ಹೋದಾಗ ಕೋಣೆಯ ಯಾವ ಪ್ಲಗ್ ಕೆಲಸ ಮಾಡುತ್ತದೆ, ವೈಫೈ ಇರುತ್ತದೆಯೇ? ರೂಟರಿಗೆ ಯುಪಿಎಸ್ ಇಲ್ಲವೆಂದಾದರೆ, 12 ವೋಲ್ಟಿನ ರೂಟರುಗಳಿಗೆಂದೇ ಸಿಗುವ ಅಂಗೈಯಗಲದ ಮಿನಿ ಯುಪಿಎಸ್ ಒಂದನ್ನು ಜೊತೆಗೊಯ್ದು, ಮನೆಯವರ ಒಪ್ಪಿಗೆ ಪಡೆದು ಸಿಕ್ಕಿಸಿಕೊಳ್ಳಬಹುದು. ಲೈನ್ ದುರಸ್ತಿಗಾಗಿ ಮೊದಲೇ ತೀರ್ಮಾನಿಸಿದ ವಿದ್ಯುತ್ ವ್ಯತ್ಯಯದ ಪ್ರಕಟಣೆ ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ. ಅದನ್ನು ಹೊರಡಿಸುವ ವಿದ್ಯುತ್ ಕಂಪನಿ ಜಿಲ್ಲೆಗೆ ತಕ್ಕಂತೆ ಬೇರೆ: ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೆಸ್ಕಾಂ ವ್ಯಾಪ್ತಿ, ಉತ್ತರ ಕನ್ನಡ ಹೆಸ್ಕಾಂ, ಕೊಡಗು ಮತ್ತು ಹಾಸನ ಸೆಸ್ಕ್ ವ್ಯಾಪ್ತಿ. ಮುಖ್ಯವಾದ ಸಭೆ ಇರುವ ದಿನದ ಹಿಂದಿನ ಸಂಜೆ ಆ ಪ್ರಕಟಣೆಯನ್ನೊಮ್ಮೆ ನೋಡಿಕೊಳ್ಳುವುದು ಕ್ಷೇಮ.

ಹಳ್ಳಿಯ ವೋಲ್ಟೇಜ್ ಬೀಳುವುದರಿಂದ ಲ್ಯಾಪ್‌ಟಾಪಿಗೆ ಅಪಾಯ ಕಡಿಮೆ, ಅಡಾಪ್ಟರುಗಳು 100ರಿಂದ 240 ವೋಲ್ಟಿನವರೆಗೆ ತಾಳಿಕೊಳ್ಳುತ್ತವೆ. ಕರೆಂಟು ಮರಳಿ ಬರುವ ಕ್ಷಣದ ಏರಿಕೆಯೇ ಅಪಾಯಕಾರಿ. ಸರ್ಜ್ ರಕ್ಷಣೆ ಇರುವ ಒಂದೂವರೆ ಮೀಟರಿನ ಎಕ್ಸ್‌ಟೆನ್ಶನ್ ಬೋರ್ಡ್ ಇದಕ್ಕೂ ಆಗುತ್ತದೆ, ಮೂಲೆಯಲ್ಲಿರುವ ಪ್ಲಗ್ಗನ್ನು ಮೇಜಿನ ಬಳಿ ತರಲೂ ಆಗುತ್ತದೆ. ಎರಡು ಪಿನ್ನಿನ ಚಾರ್ಜರ್ ಹಾಕಿದಾಗ ಲೋಹದ ಲ್ಯಾಪ್‌ಟಾಪಿನ ಮೈ ಮುಟ್ಟಿದರೆ ಕೈ ಜುಮ್ಮೆನ್ನುವುದು ಚಾರ್ಜರಿನಿಂದ ಸೋರುವ ಅಲ್ಪ ವಿದ್ಯುತ್ತಿನಿಂದ. ಅದಕ್ಕೆ ನೆಲ ಸೇರಲು ದಾರಿ ಇಲ್ಲದಿರುವುದು ಕಾರಣ. ಅರ್ತಿಂಗ್ ಸರಿಯಿರುವ ಪಾಯಿಂಟಿನಲ್ಲಿ ಮೂರು ಪಿನ್ನಿನ ಚಾರ್ಜರ್ ಬಳಸಿದರೆ ಅದು ನಿಲ್ಲುತ್ತದೆ.

ನೆಟ್‌ವರ್ಕ್

2020ರ ಲಾಕ್‌ಡೌನ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ತರಗತಿಗಾಗಿ, ಊರಿಗೆ ಮರಳಿದ ಐಟಿ ಉದ್ಯೋಗಿಗಳು ಸಭೆಗಾಗಿ ಗುಡ್ಡ ಹತ್ತಿ ಕೂರುತ್ತಿದ್ದರು. ಆಮೇಲೆ ಫೈಬರ್ ಅನೇಕ ಹಳ್ಳಿಗಳಿಗೆ ಬಂದಿದೆ. ಆದರೂ ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ ಸರಿಯಾಗಲು ದಿನಗಳೇ ಹಿಡಿಯಬಹುದು. ಒಂದೇ ಸಂಪರ್ಕವನ್ನು ನಂಬಿ ಕೂರುವಂತಿಲ್ಲ.

ಜೂಮ್ ಕಂಪನಿಯೇ ಹೇಳುವಂತೆ ಬರೀ ಮಾತಿನ ಕರೆಗೆ ಸೆಕೆಂಡಿಗೆ 60ರಿಂದ 80 ಕಿಲೊಬಿಟ್, ಇಬ್ಬರ ನಡುವಿನ ಸಾಧಾರಣ ಗುಣಮಟ್ಟದ ವಿಡಿಯೊಗೆ 600 ಕಿಲೊಬಿಟ್, 720 ಗುಣಮಟ್ಟಕ್ಕೆ 1.2 ಮೆಗಾಬಿಟ್ ಸಾಕು. ಇಷ್ಟು ಕಡಿಮೆ ಸಾಕಾಗುವುದಾದರೆ ಕರೆಗಳು ಏಕೆ ಕಡಿದುಹೋಗುತ್ತವೆ? ಅಪ್‌ಲೋಡ್ ವೇಗ ಕಡಿಮೆ ಇರುವುದು, ವೇಗ ಕ್ಷಣಕ್ಷಣಕ್ಕೆ ಏರಿಳಿಯುವುದು ಹೆಚ್ಚಿನ ಸಂದರ್ಭಗಳಲ್ಲಿ ಕಾರಣ. ಡೌನ್‌ಲೋಡ್ ಎಷ್ಟು ಎಂಬ ಒಂದೇ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಕೆಲಸ ಮಾಡುವ ಅದೇ ಹೊತ್ತಿನಲ್ಲಿ, ಅದೇ ಕೋಣೆಯಿಂದ ತೆಗೆದ ಸ್ಪೀಡ್ ಟೆಸ್ಟ್ ಚಿತ್ರವನ್ನು ವಾಟ್ಸ್ಆಪಿನಲ್ಲಿ ಕಳಿಸುವಂತೆ ಮನೆಯವರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಊಟ, ವಸತಿಯ ಬಗ್ಗೆ ವಿಚಾರಿಸುವಷ್ಟೇ ಸಹಜವಾದ ಪ್ರಶ್ನೆ ಅದು.

ಬೇರೆ ಬೇರೆ ಕಂಪನಿಗಳ ಎರಡು ಸಿಮ್ ಇರುವ ಫೋನು ಎರಡನೆಯ ದಾರಿ. ಎರಡು ಸಿಮ್ ಇದ್ದರೂ ಪೂರ್ತಿ ನೆಮ್ಮದಿ ಸಿಗದು, ಏಕೆಂದರೆ ಒಂದೇ ಟವರಿನಲ್ಲಿ ಎರಡು ಮೂರು ಕಂಪನಿಗಳ ಆಂಟೆನಾ ಇರುವುದು ಸಾಮಾನ್ಯ. ಕರೆಂಟಿಲ್ಲದೆ ಟವರಿನ ಬ್ಯಾಟರಿ ಖಾಲಿಯಾದರೆ ಎಲ್ಲ ಸಿಮ್‌ಗಳೂ ಒಟ್ಟಿಗೆ ಸುಮ್ಮನಾಗುತ್ತವೆ. ಅದಕ್ಕೇ ಮನೆಯ ಫೈಬರ್, ಕೈಯ ಸಿಮ್ ಎರಡೂ ಬೇಕೆನ್ನುವುದು. ಯಾವ ಊರಿನಲ್ಲಿ ಯಾರ ಸಿಗ್ನಲ್ ಇದೆ ಎಂಬ ನಕ್ಷೆಯನ್ನು ದೂರಸಂಪರ್ಕ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ. ಆದರೂ ತೋಟದ ತಗ್ಗಿನಲ್ಲಿರುವ ಮನೆಗೆ ಯಾವುದು ಸಿಗುತ್ತದೆ ಎಂಬುದನ್ನು ಆ ಮನೆಯವರಷ್ಟು ಸರಿಯಾಗಿ ಯಾವ ನಕ್ಷೆಯೂ ಹೇಳದು.

ಸಿಗ್ನಲ್ ಅಲ್ಪಸ್ವಲ್ಪ ಇದ್ದಲ್ಲಿ ಅದನ್ನು ಹೆಚ್ಚಿಸಿಕೊಳ್ಳುವ ಉಪಾಯಗಳುಂಟು. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಗಳು ದೂರ ಹೋಗುತ್ತವೆ, ಗೋಡೆ ದಾಟುತ್ತವೆ. 2300, 3500ರಂಥ ಮೇಲಿನವು ವೇಗ ಕೊಟ್ಟರೂ ಗುಡ್ಡ, ಗೋಡೆಗಳಿಗೆ ಸೋಲುತ್ತವೆ. 5ಜಿ ಬಂದು ಬಂದು ಹೋಗುತ್ತಿದ್ದರೆ ಸೆಟ್ಟಿಂಗಿನಲ್ಲಿ 4ಜಿಗೆ ಕಟ್ಟಿಹಾಕಿದರೆ ಕರೆ ಸ್ಥಿರವಾಗುತ್ತದೆ. ಕರಾವಳಿಯ ಮುರಕಲ್ಲಿನ ಮನೆ, ಮಲೆನಾಡಿನ ದಪ್ಪ ಮಣ್ಣುಗೋಡೆಯ ಮನೆಗಳ ಒಳಗೆ ಸಿಗ್ನಲ್ ಕುಗ್ಗುತ್ತದೆ. ಫೋನನ್ನು ಅಟ್ಟದ ಕಿಟಕಿಯಲ್ಲಿಟ್ಟು ಹಾಟ್‌ಸ್ಪಾಟ್ ಹಾಕಿ, ಲ್ಯಾಪ್‌ಟಾಪನ್ನು ಕೆಳಗೆ ಇಟ್ಟುಕೊಳ್ಳಬಹುದು. ಆಗ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಇಟ್ಟರೆ ಮಾಳಿಗೆ ದಾಟಿ ಬರುತ್ತದೆ. ವಿಡಿಯೊ ಕರೆ ಗಂಟೆಗೆ ಸುಮಾರು 1 ಜಿಬಿ ನುಂಗುವುದರಿಂದ ದಿನಕ್ಕೆ 2 ಜಿಬಿಯ ಪ್ಯಾಕ್ ಎರಡು ಸಭೆಗೆ ಮುಗಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ಆ ಸಂಪರ್ಕವನ್ನು ಮೀಟರ್ಡ್ ಎಂದು ಗುರುತಿಸಿದರೆ ವಿಂಡೋಸ್ ಅಪ್‌ಡೇಟ್‌ಗಳು ತಾವಾಗಿ ಇಳಿದು ಡೇಟಾ ಖಾಲಿ ಮಾಡುವುದಿಲ್ಲ.

ಮರೆತೇಹೋಗುವ ಇನ್ನೊಂದು ವಿಷಯ ಒಟಿಪಿ. ವೈಫೈ ಚೆನ್ನಾಗಿದ್ದು ಸಿಮ್‌ಗೆ ಸಿಗ್ನಲ್ ಇಲ್ಲದ ಜಾಗದಲ್ಲಿ ಕಚೇರಿಯ ಖಾತೆಗೆ ಲಾಗಿನ್ ಆಗುವುದೇ ಕಷ್ಟ. ಹೊರಡುವ ಮೊದಲೇ ಕಚೇರಿಯ ಲಾಗಿನ್‌ಗಳನ್ನು ಅಥೆಂಟಿಕೇಟರ್ ಆ್ಯಪ್‌ಗೆ ಬದಲಿಸಿಕೊಂಡರೆ ಸಿಗ್ನಲ್ ಇಲ್ಲದೆಯೂ ಆ ಆ್ಯಪ್ 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ತೋರಿಸುತ್ತದೆ. ಫೋನಿನಲ್ಲಿ ವೈಫೈ ಕಾಲಿಂಗ್ ಚಾಲೂ ಇಟ್ಟರೆ ಮಾಮೂಲಿ ಕರೆಗಳೂ ವೈಫೈ ಮೂಲಕವೇ ಬರುತ್ತವೆ.

ಕೂರುವ ಕ್ರಮ

ಲ್ಯಾಪ್‌ಟಾಪಿನ ರಚನೆಯಲ್ಲೇ ಒಂದು ತೊಡಕಿದೆ: ಪರದೆಯೂ ಕೀಲಿಮಣೆಯೂ ಅಂಟಿಕೊಂಡಿವೆ. ಕೈಗೆ ಸರಿಯಾದ ಎತ್ತರದಲ್ಲಿಟ್ಟರೆ ಕತ್ತು ಬಗ್ಗುತ್ತದೆ, ಕಣ್ಣಿಗೆ ಸರಿಯಾಗಿ ಎತ್ತಿದರೆ ಭುಜ ಏರುತ್ತದೆ. ಇದಕ್ಕೆ ಇರುವ ಪರಿಹಾರ ಇವೆರಡನ್ನೂ ಬೇರ್ಪಡಿಸುವುದು. ಮಡಚುವ ಸ್ಟ್ಯಾಂಡ್ ಕಾಲು ಕಿಲೊ, ಚಿಕ್ಕ ಬ್ಲೂಟೂತ್ ಕೀಲಿಮಣೆ ಅರ್ಧ ಕಿಲೊ, ಮೌಸ್ ನೂರು ಗ್ರಾಂ; ಒಟ್ಟು ಒಂದು ಕಿಲೊ ಕೂಡ ಆಗದು. ಎರಡು ದಿನಕ್ಕಿಂತ ಹೆಚ್ಚು ಕೆಲಸ ಮಾಡುವ ಪ್ರವಾಸದಲ್ಲಿ ಇವನ್ನು ಬಿಟ್ಟು ಹೋಗಬಾರದು. ಬ್ಯಾಗಿನ ಭಾರ ತಗ್ಗಿಸಲು ಇನ್ನೊಂದು ಜೊತೆ ಬಟ್ಟೆ ಬಿಡುವುದು ಮೇಲು.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಪರದೆ ಒಂದು ತೋಳಿನಷ್ಟು ದೂರ, ಮೊಣಕೈ ಲಂಬಕೋನದಲ್ಲಿ, ಪಾದ ನೆಲದ ಮೇಲೆ. ಸ್ಟ್ಯಾಂಡ್ ಇಲ್ಲದಿದ್ದರೆ ದಪ್ಪ ಪುಸ್ತಕಗಳು, ಮಗುಚಿಟ್ಟ ಸ್ಟೀಲ್ ಡಬ್ಬಿಯೂ ಆಗುತ್ತದೆ. ಊಟದ ಮೇಜು ಸುಮಾರು 75 ಸೆಂಟಿಮೀಟರ್ ಎತ್ತರ ಇರುವುದರಿಂದ ಹೆಚ್ಚಿನವರಿಗೆ ಹೊಂದುತ್ತದೆ. ಹೋಮ್‌ಸ್ಟೇಗಳ ಪ್ಲಾಸ್ಟಿಕ್ ಕುರ್ಚಿ ಸೊಂಟಕ್ಕೆ ಆಸರೆ ಕೊಡುವುದಿಲ್ಲ, ಸುರುಳಿ ಸುತ್ತಿದ ಟವೆಲನ್ನು ಬೆನ್ನಿನ ಕೆಳಭಾಗಕ್ಕೆ ಇಟ್ಟುಕೊಳ್ಳಬೇಕು. ಚಕ್ಕಳಮಕ್ಕಳ ಹಾಕಿ ಕೂರುವ ಅಭ್ಯಾಸ ಇದ್ದವರಿಗೆ ಮಣೆ ಮತ್ತು ಕುಳ್ಳು ಮೇಜು ಒಂದು ಗಂಟೆಯ ಮಟ್ಟಿಗೆ ಒಳ್ಳೆಯ ಬದಲಾವಣೆ, ಆದರೆ ಇಡೀ ದಿನಕ್ಕಲ್ಲ. ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಬೆನ್ನಿಗೂ ತೊಂದರೆ, ಗಾಳಿಕಿಂಡಿ ಮುಚ್ಚಿ ಯಂತ್ರವೂ ಕಾಯುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ ಎಂದು ಕಣ್ಣಿನ ವೈದ್ಯರು ಹೇಳುತ್ತಾರೆ. ತೋಟದ ಕಡೆಗೆ ಕಿಟಕಿ ಇರುವ ಕೋಣೆಯಲ್ಲಿ ಅದನ್ನು ಪಾಲಿಸುವುದು ಸುಲಭ.

ಧ್ವನಿ, ಬೆಳಕು, ಮಳೆ

ಹೆಂಚಿನ ಮನೆಯಲ್ಲಿ ಮಳೆಯ ಸದ್ದು ತಡೆದುಕೊಳ್ಳಬಹುದು, ಶೀಟ್ ಹೊದಿಸಿದ ಮಾಡಿನಡಿ ಜೋರು ಮಳೆಗೆ ಪಕ್ಕದವರ ಮಾತೂ ಕೇಳದು. ಸಂಜೆಯಾದರೆ ಜೀರುಂಡೆ. ಲ್ಯಾಪ್‌ಟಾಪಿನ ಒಳ ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುತ್ತದೆ. ಬಾಯಿಯ ಬಳಿ ಮೈಕ್ ಬರುವ ಹೆಡ್‌ಸೆಟ್ ಇದ್ದರೆ ಮಾತು ಸದ್ದಿಗಿಂತ ಮುಂದೆ ನಿಲ್ಲುತ್ತದೆ. ಜೊತೆಗೆ ಒಂದು ವೈರಿನ ಇಯರ್‌ಫೋನ್ ಇಟ್ಟುಕೊಂಡರೆ ಚಾರ್ಜ್ ಮುಗಿಯುವ ಭಯವಿಲ್ಲ. ಕ್ಯಾಮೆರಾಕ್ಕೆ ಕಿಟಕಿ ಮುಖದ ಎದುರಿಗಿರಬೇಕು, ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ.

ವರ್ಷಕ್ಕೆ ಸರಾಸರಿ 7,600 ಮಿಲಿಮೀಟರಿನಷ್ಟು ಮಳೆ ಬೀಳುವ ಆಗುಂಬೆಯಂಥ ಕಡೆ ನೀರಿಗಿಂತ ತೇವದ ಗಾಳಿ ಹೆಚ್ಚು ಹಾನಿ ಮಾಡುತ್ತದೆ. ಬಟ್ಟೆ ಒಣಗುವುದಿಲ್ಲ, ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಳಸದಾಗ ಎಲೆಕ್ಟ್ರಾನಿಕ್ ಸಾಮಾನನ್ನು ಅದರಲ್ಲೇ ಇಡಬೇಕು. ಎಸಿ ಬಸ್ಸಿನಿಂದ ತೇವದ ಸೆಕೆಗೆ ಇಳಿದ ಕೂಡಲೇ ತಣ್ಣಗಿನ ಲ್ಯಾಪ್‌ಟಾಪನ್ನು ತೆರೆದರೆ ಅದರ ಮೇಲೆ ನೀರು ಕಟ್ಟುತ್ತದೆ, ಅರ್ಧ ಗಂಟೆ ಬ್ಯಾಗಿನಲ್ಲೇ ಬಿಡುವುದು ಸರಿ. ಏಪ್ರಿಲ್-ಮೇ ಹಾಗೂ ಅಕ್ಟೋಬರ್ ಗುಡುಗು-ಸಿಡಿಲಿನ ಕಾಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಗುಡುಗು ಕೇಳಿದೊಡನೆ ಚಾರ್ಜರನ್ನೂ ರೂಟರಿನ ಅಡಾಪ್ಟರನ್ನೂ ಗೋಡೆಯಿಂದ ಕಿತ್ತು ಬ್ಯಾಟರಿಯ ಮೇಲೆ ಕೆಲಸ ಮುಂದುವರಿಸಬೇಕು. ಎಕ್ಸ್‌ಟೆನ್ಶನ್ ಬೋರ್ಡಿನ ಸರ್ಜ್ ರಕ್ಷಣೆ ಸಿಡಿಲಿಗೆ ಸಾಲದು.

ದಾರಿಯಲ್ಲಿ

ರೈಲಿನ ಅನೇಕ ಬೋಗಿಗಳ ಚಾರ್ಜಿಂಗ್ ಪಾಯಿಂಟಿನಲ್ಲಿ 110 ವೋಲ್ಟ್ ಬರುತ್ತದೆ, ಲ್ಯಾಪ್‌ಟಾಪ್ ಅಡಾಪ್ಟರಿಗೆ ಅದು ಸಾಕು. ಬೆಂಕಿಯ ಭಯದಿಂದ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಆ ಪಾಯಿಂಟುಗಳನ್ನು ಆರಿಸುವ ಕ್ರಮವಿದೆ, ಹಾಗಾಗಿ ರಾತ್ರಿ ರೈಲು ಹತ್ತುವವರು ಚಾರ್ಜ್ ಮಾಡಿಕೊಂಡೇ ಹತ್ತಬೇಕು. ನಿಲ್ದಾಣಗಳ ರೈಲ್‌ವೈರ್ ವೈಫೈ ದಿನದ ಮೊದಲ 30 ನಿಮಿಷ ಉಚಿತ, ಕಡತ ಕಳಿಸಲು ಅಷ್ಟು ಸಾಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಘಟ್ಟದ ಹಾದಿಯಲ್ಲಿ 57 ಸುರಂಗಗಳಿವೆ. ಆ ಹೊತ್ತಿಗೆ ಕರೆ ಇಟ್ಟುಕೊಳ್ಳುವುದು ವ್ಯರ್ಥ, ಓದುವ-ಬರೆಯುವ ಕಡತಗಳನ್ನು ಮೊದಲೇ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿರಬೇಕು. ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಪರದೆ ನೋಡುತ್ತ ಕೂತರೆ ತಲೆಸುತ್ತು ಬರುತ್ತದೆ, ಅಲ್ಲಿ ಕೆಲಸದ ಯೋಚನೆಯನ್ನೇ ಬಿಡುವುದು ಲೇಸು.

ವಿಮಾನದಲ್ಲಿ ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಬಿಡುತ್ತಾರೆ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು, ಅದಕ್ಕೂ ಮೇಲಿನದ್ದು ನಿಷಿದ್ಧ. ಮೇಲೆ ಹೇಳಿದ 74 ವ್ಯಾಟ್-ಅವರ್‌ನದು ಈ ಮಿತಿಯೊಳಗೇ ಬರುತ್ತದೆ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯದಲ್ಲಿ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಹತ್ತಿದ ಮೇಲೆ ನಿಯಮಗಳು ಬಿಗಿಯಾಗಿವೆ. ಸಿಂಗಪುರ ಏರ್‌ಲೈನ್ಸ್ 2025ರ ಏಪ್ರಿಲ್‌ನಿಂದ, ಎಮಿರೇಟ್ಸ್ ಅದೇ ವರ್ಷದ ಅಕ್ಟೋಬರ್‌ನಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಕೆಯನ್ನು ನಿಲ್ಲಿಸಿವೆ.

ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋಗುವವರಿಗೆ ಅಲ್ಲಿನ ಮೂರು ಚಪ್ಪಟೆ ಪಿನ್ನಿನ ಬ್ರಿಟಿಷ್ ಮಾದರಿಯ ಸಾಕೆಟ್ಟಿಗೆ ಅಡಾಪ್ಟರ್ ಬೇಕು. ಅದು ಪಿನ್ನನ್ನು ಮಾತ್ರ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಯುಎಇಯಲ್ಲಿ ವಾಟ್ಸ್ಆಪ್ ಕರೆಗೆ ನಿರ್ಬಂಧ ಇರುವುದರಿಂದ ಸಭೆಗೆ ಬೇರೆ ಆ್ಯಪ್ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಪ್ರವಾಸಿ ವೀಸಾದ ಮೇಲೆ ಕೆಲಸ ಮಾಡಲು ಅನೇಕ ದೇಶಗಳು ಬಿಡುವುದಿಲ್ಲ. ಎಸ್ಟೋನಿಯ 2020ರಲ್ಲಿ, ಯುಎಇ 2021ರಲ್ಲಿ ದೂರದಿಂದ ಕೆಲಸ ಮಾಡುವವರಿಗೆಂದೇ ವೀಸಾ ತಂದವು. ಸ್ವಂತ ಕಂಪನಿಯ ಲಿಖಿತ ಒಪ್ಪಿಗೆ ದೇಶದೊಳಗಿನ ಪ್ರವಾಸಕ್ಕೂ ಬೇಕಾಗಬಹುದು, ಗ್ರಾಹಕರ ಮಾಹಿತಿಯನ್ನು ಎಲ್ಲಿಂದ ತೆರೆಯಬಹುದು ಎಂಬ ಬಗ್ಗೆ ಕೆಲವು ಸಂಸ್ಥೆಗಳಲ್ಲಿ ಬಿಗಿಯಾದ ನಿಯಮಗಳಿವೆ. ಲ್ಯಾಪ್‌ಟಾಪ್ ಕಳೆದುಹೋದರೂ ಒಳಗಿನದು ಬೇರೆಯವರ ಕೈಗೆ ಸಿಗದಂತೆ ಡಿಸ್ಕ್ ಎನ್‌ಕ್ರಿಪ್ಷನ್ ಚಾಲೂ ಇರಬೇಕು. ವಿಂಡೋಸಿನಲ್ಲಿ ಅದು ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್. ಸಾರ್ವಜನಿಕ ವೈಫೈಗಿಂತ ಸ್ವಂತ ಹಾಟ್‌ಸ್ಪಾಟ್ ಸುರಕ್ಷಿತ.

ಇವೆಲ್ಲ ಹೊಂದಿಸಿಕೊಂಡ ಮೇಲೆ ಹೊರಡುವ ವಾರದಲ್ಲಿ ಮನೆಯಲ್ಲೇ ಒಂದು ಬೆಳಗ್ಗೆ ಪ್ರಯೋಗ ಮಾಡಿ ನೋಡಬೇಕು. ವೈಫೈ ಆರಿಸಿ, ಚಾರ್ಜರ್ ಕಿತ್ತು, ಬ್ಯಾಗಿನಲ್ಲಿರುವ ಸಾಮಾನಿನಿಂದಲೇ ಮಧ್ಯಾಹ್ನದವರೆಗೆ ಮಾಮೂಲಿ ಕೆಲಸ, ಕನಿಷ್ಠ ಒಂದು ವಿಡಿಯೊ ಕರೆ ಸೇರಿದಂತೆ. ಯಾವ ಕೇಬಲ್ ಲ್ಯಾಪ್‌ಟಾಪನ್ನು ಚಾರ್ಜ್ ಮಾಡುವುದಿಲ್ಲ, ಯಾವ ಕಡತ ಕ್ಲೌಡ್‌ನಲ್ಲಿ ಮಾತ್ರ ಇದೆ, ಯಾವ ಲಾಗಿನ್ ಇನ್ನೂ ಎಸ್‌ಎಂಎಸ್ ಒಟಿಪಿಯನ್ನೇ ಕೇಳುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಬೇಕಾದ ಅಂಗಡಿಗಳೂ ಕಚೇರಿಯ ಐಟಿ ವಿಭಾಗವೂ ಕೈಗೆ ಸಿಗುವ ಆ ವಾರದಲ್ಲೇ ಅವನ್ನು ಸರಿಪಡಿಸಿಕೊಳ್ಳಬಹುದು.